ಬರುವ ದಾರಿಗೆ ಒಂದು ಗಾಡಿ

ಹೋದ ವರ್ಷ ಬೇಸಿಗೆ ರಜೆಯಲ್ಲಿ ಊರ ಹೊರಗಿನ ಒಂದು ಥೀಮ್ ಪಾರ್ಕಿಗೆ ಹೋಗಿದ್ದೆವು. ಬೆಳಗ್ಗೆ ಗೇಟು ತೆರೆದ ತಕ್ಷಣ ಮಗಳು ಪುಟ್ಟಿ ನಮ್ಮ ಕೈ ಬಿಡಿಸಿಕೊಂಡು ಓಡಿದಳು. ಸಂಜೆ ಅದೇ ಗೇಟಿನಿಂದ ಹೊರಗೆ ಬರುವಾಗ ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಕಾರು ನಿಲ್ಲಿಸಿದ್ದ ಜಾಗ ಇನ್ನೂ ಅರ್ಧ ಕಿಲೋಮೀಟರ್ ದೂರ ಇತ್ತು.

ಎಚ್ಚರ ಇರುವ ಮಗುವನ್ನು ಎತ್ತಿಕೊಳ್ಳುವುದು ಬೇರೆ, ನಿದ್ದೆ ಹೋದ ಮಗುವನ್ನು ಹೊರುವುದು ಬೇರೆ. ಎಚ್ಚರ ಇದ್ದರೆ ಮಗು ಕತ್ತಿಗೆ ಕೈ ಹಾಕಿ, ಸೊಂಟಕ್ಕೆ ಕಾಲು ಸುತ್ತಿ, ತನ್ನ ಭಾರವನ್ನು ತಾನೂ ಒಂದಿಷ್ಟು ಹಿಡಿದಿರುತ್ತದೆ. ನಿದ್ದೆ ಬಂದರೆ ಎಲ್ಲಾ ಸಡಿಲ. ತಲೆ ಒಂದು ಕಡೆ ಜಾರುತ್ತೆ, ಕಾಲು ಇನ್ನೊಂದು ಕಡೆ. ಆಗ ಪುಟ್ಟಿ 18 ಕೆಜಿ ಇದ್ದಳು. ನಮ್ಮವರು ಮೂರು ಸಲ ನಿಂತು ಅವಳನ್ನು ಮೇಲಕ್ಕೆ ಸರಿಸಿಕೊಂಡರು. ನಾಲ್ಕನೇ ಸಲ ನಿಂತಾಗ ಅವರ ಮುಖ ನೋಡಿದೆ. ಬೆನ್ನು ಹಿಡಿದುಕೊಂಡಿತ್ತು. ಒಂದು ವಾರ ಬೆಲ್ಟು ಕಟ್ಟಿಕೊಂಡು ಆಫೀಸಿಗೆ ಹೋದರು.

ಆ ದಿನ ನನ್ನ ಫೋನು 16,000 ಹೆಜ್ಜೆ ತೋರಿಸಿತ್ತು. ರಾತ್ರಿ ಸುಮ್ನೆ ಲೆಕ್ಕ ಹಾಕಿದೆ. ನಾನು ಒಂದು ಹೆಜ್ಜೆ ಹಾಕಿದರೆ ಪುಟ್ಟಿ ಒಂದೂವರೆ ಹಾಕಬೇಕು. ಅಂದರೆ ಅವಳದು 24,000. ಅದರ ಮೇಲೆ ಓಡಿದ್ದು, ಕುಣಿದಿದ್ದು, ಸಾಲಿನಲ್ಲಿ ನಿಂತಿದ್ದು ಬೇರೆ. ನಮ್ಮ ಮಕ್ಕಳು ಒಂದೇ ಸಮನೆ ಅಷ್ಟು ನಡೆಯುವುದು ಯಾವಾಗ ಹೇಳಿ? ಮನೆಯಿಂದ ಸ್ಕೂಲ್ ವ್ಯಾನಿನವರೆಗೆ, ಸ್ಕೂಟರಿನಿಂದ ಅಂಗಡಿಯವರೆಗೆ. ಸಂಜೆ ಅಪಾರ್ಟ್‌ಮೆಂಟ್ ಕೆಳಗೆ ಆಡುತ್ತಾರೆ, ಆದರೆ ಸುಸ್ತಾದ ತಕ್ಷಣ ಕಟ್ಟೆ ಮೇಲೆ ಕೂರುತ್ತಾರೆ. ಇಡೀ ದಿನ ದೊಡ್ಡವರ ವೇಗಕ್ಕೆ ನಡೆಯುವ ಅಭ್ಯಾಸ ಅವರಿಗಿಲ್ಲ.

ಮಗುವನ್ನು ಕೂರಿಸಿ ತಳ್ಳುವ ಅವಳ ಹಳೇ ಗಾಡಿಯನ್ನು ಎರಡೂವರೆ ವರ್ಷಕ್ಕೇ ನಾದಿನಿಯ ಮಗುವಿಗೆ ಕೊಟ್ಟಿದ್ದೆವು. ಇನ್ನು ಬೇಡ, ನಡೆಯುತ್ತಾಳಲ್ಲ ಅಂತ. ಎಲ್ಲರೂ ಹಾಗೇ ಯೋಚಿಸುತ್ತಾರೆ ಅಲ್ವಾ? ನಡೆಯಲು ಬಾರದ ಮಗುವಿಗೆ ಗಾಡಿ, ನಡೆಯುವ ಮಗುವಿಗೆ ಕಾಲು.

ಆಮೇಲೆ ಅಮೆರಿಕದಲ್ಲಿರುವ ನನ್ನ ತಮ್ಮ ಫೋನ್ ಮಾಡಿದ. ಡಿಸೆಂಬರಿಗೆ ಬನ್ನಿ, ಎಲ್ಲರೂ ಸೇರಿ ಫ್ಲೋರಿಡಾಕ್ಕೆ ಹೋಗೋಣ, ಮಕ್ಕಳಿಗೆ ಡಿಸ್ನಿ ವರ್ಲ್ಡ್ ತೋರಿಸೋಣ ಅಂದ. ಅತ್ತೆಯೂ ಬರುವುದು ಅಂತಾಯಿತು. ಅವರಿಗೆ ಮಂಡಿನೋವು, ನಿಧಾನಕ್ಕೆ ನಡೆಯುತ್ತಾರೆ. ತಮ್ಮ ಒಂದು ಮಾತು ಸೇರಿಸಿದ: "ಅಕ್ಕಾ, ಪುಟ್ಟಿಗೆ ಒಂದು ಸ್ಟ್ರಾಲರ್ ನೋಡಿಡು. ಅಲ್ಲಿ ಆರು ವರ್ಷದ ಮಕ್ಕಳೂ ಕೂತಿರ್ತಾರೆ. ಯಾರೂ ಏನೂ ಅನ್ನಲ್ಲ."

ಅತ್ತೆ ಕೇಳಿದರು. "ಐದು ತುಂಬಿದ ಮಗೂಗೆ ತಳ್ಳುಗಾಡಿ ಯಾಕಮ್ಮಾ? ಚೆನ್ನಾಗಿ ಓಡಾಡ್ಕೊಂಡಿದ್ದಾಳೆ. ನೋಡಿದೋರು ಏನನ್ಕೋತಾರೆ?"

ನನಗೂ ಒಳಗೆ ಅದೇ ಪ್ರಶ್ನೆ ಇತ್ತು. ಅದಕ್ಕೇ ಅವರಿಗೆ ತಕ್ಷಣ ಉತ್ತರ ಕೊಡಲಿಲ್ಲ.

ಡಿಸ್ನಿ ವರ್ಲ್ಡ್ ಒಂದು ಪಾರ್ಕ್ ಅಂದುಕೊಂಡಿದ್ದೆ. ಅದರೊಳಗೆ ನಾಲ್ಕು ಥೀಮ್ ಪಾರ್ಕ್‌ಗಳಿವೆ. ಮೊದಲನೆಯದು ಮ್ಯಾಜಿಕ್ ಕಿಂಗ್‌ಡಮ್, 1971ರ ಅಕ್ಟೋಬರ್ 1ರಂದು ತೆರೆದದ್ದು. ಎರಡನೆಯದು ಎಪ್‌ಕಾಟ್, 1982ರದು. ಎಪ್‌ಕಾಟಿನಲ್ಲಿ ಒಂದು ಕೆರೆಯ ಸುತ್ತ ಹನ್ನೊಂದು ದೇಶಗಳ ಮಾದರಿ ಕಟ್ಟಿದ್ದಾರೆ. ಆ ಕೆರೆಯನ್ನು ಒಂದು ಸುತ್ತು ಹಾಕಿದರೇ ಸುಮಾರು ಎರಡು ಕಿಲೋಮೀಟರ್. ಅದು ಪಾರ್ಕಿನ ಒಂದು ಭಾಗ ಅಷ್ಟೇ. ಇದನ್ನು ತಿಳಿದ ಮೇಲೆ ಗಾಡಿ ಬೇಕೇ ಬೇಕು ಅಂತ ತೀರ್ಮಾನಿಸಿದೆ. ಯಾವ ಗಾಡಿ ಅನ್ನುವುದು ಉಳಿಯಿತು.

ಜಯನಗರದಲ್ಲಿ ಮಕ್ಕಳ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿ ಹುಡುಗ ಕೇಳಿದ ಮೊದಲ ಪ್ರಶ್ನೆ, "ಪಾಪೂಗೆ ಎಷ್ಟು ತಿಂಗಳು ಮೇಡಂ?" ಐದು ವರ್ಷ ಅಂದೆ. ಅವನು ನಗಲಿಲ್ಲ, ಒಳ್ಳೆಯ ಹುಡುಗ. ಸ್ವಲ್ಪ ಯೋಚಿಸಿ, "ಇಲ್ಲಿರೋದೆಲ್ಲಾ ಹದಿನೈದು ಕೆಜಿ ತನಕ" ಅಂದ.

ಈ 15 ಕೆಜಿ ಎಲ್ಲಿಂದ ಬಂತು ಅಂತ ಮನೆಗೆ ಬಂದು ಓದಿದೆ. ಯುರೋಪಿನಲ್ಲಿ ಮಕ್ಕಳ ಗಾಡಿಗಳ ಸುರಕ್ಷತಾ ಮಾನದಂಡ ಬಹಳ ವರ್ಷ 15 ಕೆಜಿವರೆಗಿನ ಮಕ್ಕಳಿಗಷ್ಟೇ ಇತ್ತು. 2018ರಲ್ಲಿ ಅದಕ್ಕೆ ಎರಡನೇ ಭಾಗ ಸೇರಿತು. 15 ಕೆಜಿಗಿಂತ ಹೆಚ್ಚು, 22 ಕೆಜಿವರೆಗಿನ ಮಕ್ಕಳ ಗಾಡಿಗೆ ಬೇರೆ ಪರೀಕ್ಷೆ. ಅಮೆರಿಕದ ಎಷ್ಟೋ ಗಾಡಿಗಳ ಮೇಲೆ 50 ಪೌಂಡ್ ಅಂತ ಬರೆದಿರುತ್ತದೆ. ಅದೂ ಹೆಚ್ಚುಕಡಿಮೆ 22 ಕೆಜಿಯೇ. ಈಗ ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ನೋಡಿ. ಮಕ್ಕಳ ಡಾಕ್ಟರ ಫೈಲಿನಲ್ಲಿ ಇರುತ್ತಲ್ಲ, ಅದೇ. ನಾಲ್ಕು ವರ್ಷದ ಮಗುವಿನ ಮಧ್ಯದ ತೂಕ 16 ಕೆಜಿಗಿಂತ ಸ್ವಲ್ಪ ಜಾಸ್ತಿ. ಐದಕ್ಕೆ 18 ದಾಟುತ್ತದೆ. ಆರಕ್ಕೆ 20 ದಾಟುತ್ತದೆ. ಅಂದರೆ ನಾಲ್ಕು ವರ್ಷದ ಹೊತ್ತಿಗೇ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಆ 15ರ ಗಡಿ ದಾಟಿರುತ್ತಾರೆ.

ಸ್ವಲ್ಪ ಜಾಸ್ತಿ ಕೂರಿಸಿದರೆ ಏನಾಗುತ್ತೆ ಅಂತ ಕೇಳುವವರಿದ್ದಾರೆ. ಗಾಡಿ ಅಲ್ಲೇ ಮುರಿದು ಬೀಳುವುದಿಲ್ಲ ನಿಜ. ಆದರೆ ಮುಂದಿನ ಚಕ್ರದ ಮೇಲೆ ಭಾರ ಬಿದ್ದು ತಿರುಗಿಸಲು ಕಷ್ಟವಾಗುತ್ತದೆ. ಇಳಿಜಾರಿನಲ್ಲಿ ಬ್ರೇಕು ಗಟ್ಟಿಯಾಗಿ ನಿಲ್ಲುವುದಿಲ್ಲ. ಮಡಚುವ ಕೀಲು ಸಡಿಲಾಗುತ್ತದೆ. ಆ ಕೀಲು ಬಿಟ್ಟುಕೊಂಡರೆ ಬೆರಳು ಸಿಕ್ಕಿಕೊಳ್ಳುವುದು ಮಗುವಿನದೇ. ಮಕ್ಕಳ ವಿಷಯದಲ್ಲಿ ನಾನು ಆ ಅಂಕಿಯನ್ನು ಗಡಿ ಅಂತಲೇ ಒಪ್ಪುತ್ತೇನೆ.

ಓದುವಾಗ ಸಿಕ್ಕಿದ ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟವಾಯಿತು. ಕೊಡೆಯ ಹಾಗೆ ಮಡಚುವ ಹಗುರ ಗಾಡಿ ಮಾಡಿದ್ದು ಓವನ್ ಮ್ಯಾಕ್ಲಾರೆನ್ ಅನ್ನುವ ಬ್ರಿಟಿಷ್ ವಿಮಾನ ಎಂಜಿನಿಯರ್. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಭಾಗಕ್ಕೆ ಕೆಲಸ ಮಾಡಿದ್ದವರು. ನಿವೃತ್ತರಾದ ಮೇಲೆ ಮೊಮ್ಮಗಳ ಭಾರದ ಗಾಡಿಯನ್ನು ಎತ್ತಾಡುವ ಕಷ್ಟ ನೋಡಿ, 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಮೂರು ಕೆಜಿಯೂ ಇಲ್ಲದ ಗಾಡಿ ಮಾಡಿದರು. ವಿಮಾನದ ಚಕ್ರ ಹಾರುವಾಗ ಒಳಗೆ ಮಡಚಿಕೊಳ್ಳಬೇಕು, ಇಳಿಯುವಾಗ ಬಿಚ್ಚಿ ಭಾರ ತಡೆಯಬೇಕು. ಗಾಡಿಯ ಕೆಲಸವೂ ಅದೇ ತಾನೇ? ಒಬ್ಬ ತಾತ ಮೊಮ್ಮಗಳಿಗೆ ಮಾಡಿದ ವಸ್ತು ಇದು ಅಂತ ಗೊತ್ತಾದ ಮೇಲೆ ಅದರ ಬಗ್ಗೆ ನನಗಿದ್ದ ಸಂಕೋಚ ಸ್ವಲ್ಪ ಕಡಿಮೆಯಾಯಿತು.

ಎರಡನೇ ಸಲ ಇನ್ನೊಂದು ಅಂಗಡಿಗೆ ಹೋಗುವಾಗ ಪುಟ್ಟಿಯನ್ನೂ ಕರೆದುಕೊಂಡು ಹೋದೆ, ಟೈಲರ್ ಟೇಪನ್ನೂ ತಗೊಂಡೆ. ಮನೆಯಲ್ಲೇ ಅವಳನ್ನು ನೆಲದ ಮೇಲೆ ಗೋಡೆಗೆ ಒರಗಿಸಿ ಕೂರಿಸಿ ಅಳೆದಿದ್ದೆ. ನೆಲದಿಂದ ನೆತ್ತಿಗೆ 60 ಸೆಂಟಿಮೀಟರ್. ತೂಕವನ್ನು ಎಲ್ಲರೂ ನೋಡುತ್ತಾರೆ, ಈ ಅಳತೆಯನ್ನು ಬಹಳ ಜನ ಮರೆಯುತ್ತಾರೆ. ದೊಡ್ಡ ಮಕ್ಕಳಿಗೆ ಗಾಡಿ ಸಾಲದೇ ಹೋಗುವುದು ಮೊದಲು ತಲೆಯ ಹತ್ತಿರ. 22 ಕೆಜಿ ಅಂತ ಬರೆದಿದ್ದ ಒಂದು ಗಾಡಿಯಲ್ಲಿ ಕೂರಿಸಿದೆ. ಮೇಲಿನ ಕೊಡೆ ಮುಂದಕ್ಕೆ ಎಳೆದರೆ ನೆತ್ತಿಗೆ ತಾಗಿತು. "ಅಮ್ಮಾ, ನಾನು ಹೀಗೆ ಬಗ್ಗಿ ಕೂರ್ಬೇಕಾ?" ಅಂದಳು. ಕೊಡೆ ಹಿಂದಕ್ಕೆ ತಳ್ಳಿದರೆ ಬಿಸಿಲು. ಆ ಗಾಡಿ ಬೇಡ ಅಂತಾಯಿತು.

ಇನ್ನೊಂದರಲ್ಲಿ ತಲೆಗೆ ಜಾಗ ಇತ್ತು, ಕಾಲಿಗೆ ಇರಲಿಲ್ಲ. ಕಾಲಿಡುವ ಪಟ್ಟಿ ಎಷ್ಟು ಮೇಲಿತ್ತು ಅಂದರೆ ಮಂಡಿ ಎದೆಗೆ ಬರುತ್ತಿತ್ತು. ಪಟ್ಟಿ ಬಿಟ್ಟು ಕಾಲು ಇಳಿಬಿಟ್ಟರೆ ಬೆರಳು ನೆಲಕ್ಕೆ ತಾಗುತ್ತಿತ್ತು. ಓಡುವ ಗಾಡಿಯಲ್ಲಿ ಕಾಲು ನೆಲಕ್ಕೆ ತಾಗುವುದು ಅಪಾಯ, ಮುಂದಿನ ಚಕ್ರಕ್ಕೆ ಸಿಕ್ಕಿಕೊಳ್ಳಬಹುದು. ಮೂರನೆಯದು ದೊಡ್ಡ ಗಾಳಿ ಚಕ್ರದ್ದು, ಓಡುವವರು ತಳ್ಳುವಂಥದ್ದು. ರಾಜನ ಕುರ್ಚಿಯ ಹಾಗಿತ್ತು. ಅವಳು ಇಳಿಯಲೇ ಒಪ್ಪಲಿಲ್ಲ. ಆದರೆ 12 ಕೆಜಿ ತೂಕ. ಅದನ್ನು ವಿಮಾನ, ಬಸ್ಸು, ಕಾರು ಅಂತ ಎತ್ತಿ ಇಳಿಸುವವರು ಯಾರು? ಬೆನ್ನುನೋವಿನವರಿಗೆ ಸಹಾಯ ಆಗಲಿ ಅಂತ ತಗೊಳ್ಳುವ ವಸ್ತು ಬೆನ್ನಿಗೇ ಬೀಳಬಾರದು.

ಕೊನೆಗೆ ನಾಲ್ಕನೆಯದು. 22 ಕೆಜಿ ಮಿತಿ, ಏಳು ಕೆಜಿ ತೂಕ, ಬೆನ್ನಿನ ಭಾಗ ಉದ್ದ. ಕಾಲಿಡುವ ಪಟ್ಟಿ ಕೆಳಗಿತ್ತು, ಗಟ್ಟಿಯೂ ಇತ್ತು. ದೊಡ್ಡ ಮಕ್ಕಳು ಗಾಡಿಗೆ ತಾವೇ ಹತ್ತುತ್ತಾರೆ, ಆ ಪಟ್ಟಿಯನ್ನೇ ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಹಗುರ ಗಾಡಿಯಲ್ಲಿ ಹಾಗೆ ಹತ್ತಿದರೆ ಗಾಡಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಹಾಗಾಗಿ ಅವಳಿಗೆ ಅಂಗಡಿಯಲ್ಲೇ ಹೇಳಿಕೊಟ್ಟೆ. ಮೊದಲು ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂರಬೇಕು, ಆಮೇಲೆ ಕಾಲು ಮೇಲಿಡಬೇಕು.

ಬೆಲ್ಟು ಹಾಕುವಾಗ ಅವಳು ಮೆಲ್ಲಗೆ ಹೇಳಿದಳು, "ಅಮ್ಮಾ, ನಾನು ಪಾಪು ಅಲ್ಲ."

ನಾನು ಅವಳ ಎದುರು ಕೂತೆ. "ಅಲ್ಲಮ್ಮ. ಇದು ನಡೆದು ನಡೆದು ಸುಸ್ತಾದವರಿಗೆ. ಬೇಕು ಅಂದಾಗ ನೀನೇ ಹೇಳು. ಬೇಡ ಅಂದ್ರೆ ಬ್ಯಾಗ್ ಕೂತ್ಕೊಳ್ಳುತ್ತೆ" ಅಂದೆ. ಆ ಮಾತನ್ನು ಆಮೇಲೂ ಉಳಿಸಿಕೊಂಡೆ. ಒಂದು ದಿನವೂ "ಕೂತ್ಕೋ" ಅಂತ ನಾನಾಗಿ ಹೇಳಲಿಲ್ಲ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತ್ತು. ಐದು ವರ್ಷದ ಮಗುವಿಗೆ ತನ್ನ ಕಾಲಿನ ಮೇಲೆ ಹೆಮ್ಮೆ ಇರುತ್ತದೆ. ಆ ಹೆಮ್ಮೆಗೆ ನೋವಾಗಬಾರದು.

ವಿದೇಶಕ್ಕೆ ಹೋಗಿ ಪರೀಕ್ಷೆ ಮಾಡುವುದು ಬೇಡ, ಇಲ್ಲೇ ನೋಡೋಣ ಅಂತ ಒಂದು ಭಾನುವಾರ ಲಾಲ್‌ಬಾಗಿಗೆ ಹೊರಟೆವು. ಬನಶಂಕರಿಯಿಂದ ಮೆಟ್ರೋ. ಮನೆಯಿಂದ ಸ್ಟೇಷನ್ನಿಗೆ ಆರುನೂರು ಮೀಟರ್ ಇರಬಹುದು. ಅಷ್ಟರಲ್ಲಿ ಹನ್ನೊಂದು ಸಲ ಗಾಡಿ ಎತ್ತಬೇಕಾಯಿತು. ಫುಟ್‌ಪಾತಿನ ಚಪ್ಪಡಿ ಒಂದು ಮೇಲೆ, ಒಂದು ಕೆಳಗೆ. ನಡುವೆ ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಬೈಕು. ನಮ್ಮ ಊರಲ್ಲಿ ಗಾಡಿ ಯಾಕೆ ಕಾಣುವುದಿಲ್ಲ ಅನ್ನುವುದಕ್ಕೆ ಈ ಆರುನೂರು ಮೀಟರೇ ಉತ್ತರ. ಮಕ್ಕಳನ್ನು ಸೊಂಟದ ಮೇಲೆ, ಹೆಗಲ ಮೇಲೆ ಹೊರುವುದು ಪ್ರೀತಿಯಿಂದ ಹೌದು, ರಸ್ತೆಯಿಂದಲೂ ಹೌದು. ನೆಲ ಸಮ ಇರುವ ಊರಲ್ಲಿ ಅಮ್ಮಂದಿರ ಸೊಂಟಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ. ಗಾಲಿಕುರ್ಚಿಯಲ್ಲಿ ಓಡಾಡುವವರು ಇದನ್ನು ದಿನಾ ಅನುಭವಿಸುತ್ತಾರೆ. ನನಗೆ ಒಂದು ಬೆಳಗ್ಗೆಯಲ್ಲಿ ಅರ್ಥವಾಯಿತು, ಅಷ್ಟು ತಡವಾಗಿ ಅರ್ಥವಾಯಿತಲ್ಲ ಅಂತ ಬೇಜಾರೂ ಆಯಿತು.

ಸ್ಟೇಷನ್ನಿನಲ್ಲಿ ಲಿಫ್ಟ್ ಇತ್ತು. ಅಗಲದ ಗೇಟಿನಿಂದ ಒಳಗೆ ಬಿಟ್ಟರು. ಲಾಲ್‌ಬಾಗ್ ಸ್ಟೇಷನ್ನಿನಲ್ಲಿ ಇಳಿದು ಪಶ್ಚಿಮದ ಗೇಟಿನಿಂದ ಹೋದೆವು. 240 ಎಕರೆಯ ತೋಟ, ಡಾಂಬರು ದಾರಿ, ದೊಡ್ಡ ಮರಗಳು. ಗಾಡಿ ಸರಾಗವಾಗಿ ಉರುಳಿತು. ಪುಟ್ಟಿ ಗಾಜಿನ ಮನೆಯವರೆಗೂ ನಡೆದೇ ಬಂದಳು. 1889ರ ಗಾಜಿನ ಮನೆ ಅಂತ ಅವಳಪ್ಪ ಹೇಳುತ್ತಿದ್ದರು, ಅವಳು ಕಂಬ ಎಣಿಸುತ್ತಿದ್ದಳು. ಕೆರೆ ಕಡೆ ಹೋಗುವಾಗ "ಈಗ ಕೂರ್ತೀನಿ" ಅಂದಳು.

ಕೂತು ಹತ್ತು ನಿಮಿಷ ಆಗಿರಲಿಲ್ಲ. ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತು ನೋಡಿದರು. ತುಂಬಾ ಕನಿಕರದಿಂದ ಕೇಳಿದರು, "ಪಾಪ, ಮಗೂ ಕಾಲಿಗೆ ಏನಾಗಿದೆಯಮ್ಮಾ?"

ನನ್ನ ಗಂಟಲು ಕಟ್ಟಿತು. ಏನು ಹೇಳಬೇಕು ತಿಳಿಯಲಿಲ್ಲ. ಪುಟ್ಟಿಯೇ ತಲೆ ಎತ್ತಿ ಹೇಳಿದಳು, "ಏನೂ ಆಗಿಲ್ಲ ತಾತ. ಸುಸ್ತಾಗಿದೆ ಅಷ್ಟೇ. ಆಮೇಲೆ ನಡೀತೀನಿ."

"ಓ ಹಾಗಾ? ಸರಿ ಸರಿ. ಸುಸ್ತಾದ್ರೆ ಕೂರ್ಬೇಕು" ಅಂತ ಅವರು ನಕ್ಕು ಹೊರಟರು. ಅಷ್ಟು ದಿನ ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆಗೆ ಅವಳ ಹತ್ತಿರ ಎಷ್ಟು ಸುಲಭದ ಉತ್ತರ ಇತ್ತು.

ಅದೇ ದಿನ ಒಂದು ತಪ್ಪೂ ಆಯಿತು. ನೀರಿನ ಬಾಟಲು, ಚಿತ್ರಾನ್ನದ ಡಬ್ಬಿ ಇದ್ದ ಬ್ಯಾಗನ್ನು ನಾನು ಹಿಡಿಕೆಗೆ ತೂಗುಹಾಕಿದ್ದೆ. ಪುಟ್ಟಿ ಕೂತಿರುವ ತನಕ ಸರಿ ಇತ್ತು. ಅವಳು ಅಳಿಲು ನೋಡಿ ಟಕ್ಕಂತ ಇಳಿದಳು. ಮುಂದಿನ 18 ಕೆಜಿ ಹೋಯಿತು, ಹಿಂದಿನ ಬ್ಯಾಗು ಉಳಿಯಿತು. ಗಾಡಿ ಹಿಂದಕ್ಕೆ ಬಿತ್ತು. ಚಿತ್ರಾನ್ನ ದಾರಿಯ ಮೇಲೆ. ಅವಳು ಇಳಿಯುವಾಗಲೇ ಬಿದ್ದಿದ್ದರೆ ತಲೆಗೆ ಏಟಾಗುತ್ತಿತ್ತು. ಮಗು ದೊಡ್ಡದಾದಷ್ಟೂ ಈ ತಕ್ಕಡಿ ಜೋರಾಗಿ ಏರುಪೇರಾಗುತ್ತದೆ. ಅಂದಿನಿಂದ ಬ್ಯಾಗು ಕೆಳಗಿನ ಬುಟ್ಟಿಯಲ್ಲಿ ಮಾತ್ರ. ಆ ಬುಟ್ಟಿಗೂ ಬೇರೆ ಮಿತಿ ಇರುತ್ತದೆ, ಗಾಡಿಯ ಮೇಲೆ ಬರೆದಿರುತ್ತಾರೆ.

ಇನ್ನೊಂದು ಸಂಜೆ ಚರ್ಚ್ ಸ್ಟ್ರೀಟಿಗೆ ತಗೊಂಡು ಹೋದೆವು. 2018ರಲ್ಲಿ ಕಲ್ಲು ಹಾಸಿ ಹೊಸದು ಮಾಡಿದ ರಸ್ತೆ ಅದು. ನಡೆಯಲು ಚೆಂದ. ಸಣ್ಣ ಚಕ್ರಕ್ಕೆ ಮಾತ್ರ ಕಷ್ಟ. ಪುಟ್ಟಿಯ ಕೆನ್ನೆ ಅಲುಗಾಡುತ್ತಿತ್ತು. ಅವಳಿಗೆ ಅದೇ ಖುಷಿ, "ಆಆಆ" ಅಂತ ರಾಗ ಎಳೆದಳು. ಥೀಮ್ ಪಾರ್ಕಿನ ನೆಲ ನುಣುಪಾಗಿರುತ್ತೆ, ಈ ಚಕ್ರ ಸಾಕು ಅಂತ ತಮ್ಮ ಧೈರ್ಯ ಹೇಳಿದ. ಬೆಂಗಳೂರಿನಲ್ಲಿ ದಿನಾ ಬಳಸುವುದಾದರೆ ನಾನು ದೊಡ್ಡ ಚಕ್ರದ್ದನ್ನೇ ತಗೊಳ್ಳುತ್ತಿದ್ದೆ.

ಮನೆಯಲ್ಲಿ ಒಂದು ಅಭ್ಯಾಸ ಮಾಡಿದೆ. ಒಂದೇ ಕೈಯಲ್ಲಿ ಮಡಚುವುದು. ಪೆಟ್ಟಿಗೆಯ ಮೇಲೆ ಎಲ್ಲಾ ಕಂಪನಿಯವರೂ ಒಂದು ಕೈ ಸಾಕು ಅಂತಲೇ ಬರೆಯುತ್ತಾರೆ. ನಿಜವಾಗಿ ಆಗುತ್ತಾ ಅಂತ ನೋಡಬೇಕು. ಬಲಗೈಯಲ್ಲಿ ಐದು ಕೆಜಿ ಅಕ್ಕಿ ಚೀಲ ಹಿಡಿದುಕೊಂಡು ಎಡಗೈಯಲ್ಲಿ ಮಡಚಿದೆ. ಮೊದಲ ದಿನ ಆಗಲಿಲ್ಲ. ಐದನೇ ದಿನ ಆಯಿತು. ಅತ್ತೆ ಸೋಫಾದಲ್ಲಿ ಕೂತು ನೋಡುತ್ತಿದ್ದರು. ಒಂದು ದಿನ ಅವರೇ ಎದ್ದು ಬಂದು, "ಎಲ್ಲಿ, ನನಗೂ ತೋರ್ಸು" ಅಂದರು.

ಅಲ್ಲಿಯೇ ಬಾಡಿಗೆಗೆ ತಗೊಳ್ಳಬಹುದಲ್ಲ ಅಂತ ನೀವು ಕೇಳಬಹುದು. ಸಿಗುತ್ತದೆ. ಡಿಸ್ನಿಯ ಪಾರ್ಕುಗಳಲ್ಲಿ ಒಬ್ಬರ ಗಾಡಿ, ಇಬ್ಬರ ಗಾಡಿ ಎರಡೂ ಕೊಡುತ್ತಾರೆ. ಗಟ್ಟಿ ಪ್ಲಾಸ್ಟಿಕ್ಕಿನದು, ದೊಡ್ಡ ಮಕ್ಕಳಿಗೆ ಜಾಗ ಚೆನ್ನಾಗಿದೆ. ಆದರೆ ಒರಗುವುದಿಲ್ಲ, ನಿದ್ದೆಗೆ ಆಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ, ಪಾರ್ಕಿನ ಗೇಟಿನಲ್ಲೇ ವಾಪಸ್ ಕೊಡಬೇಕು. ನನ್ನ ಮನಸ್ಸಿನಲ್ಲಿದ್ದದ್ದು ಹೋದ ಬೇಸಿಗೆಯ ಆ ಅರ್ಧ ಕಿಲೋಮೀಟರ್. ಅದು ಶುರುವಾಗುವುದೇ ಗೇಟಿನ ಆಚೆ. ಬೆಳಗ್ಗೆ ಒಳಗೆ ಹೋಗುವಾಗ ಯಾವ ಮಗುವಿಗೂ ಗಾಡಿ ಬೇಡ. ರಾತ್ರಿ ಹೊರಗೆ ಬರುವಾಗ ಎಲ್ಲರಿಗೂ ಬೇಕು. ನಾವು ಆರಿಸುತ್ತಿದ್ದದ್ದು ಬರುವ ದಾರಿಗೆ.

ಹೊರಗಿನಿಂದ ತರುವ ಗಾಡಿಗೆ ಅಲ್ಲಿ ಅಳತೆ ಇದೆ. 2019ರ ಮೇ 1ರಿಂದ ಅಗಲ 31 ಇಂಚು, ಉದ್ದ 52 ಇಂಚು ಮೀರಬಾರದು. ಅಂದರೆ ಸುಮಾರು 79 ಮತ್ತು 132 ಸೆಂಟಿಮೀಟರ್. ನಾಲ್ಕು ಚಕ್ರದ ಬಂಡಿಯ ಹಾಗಿರುವ, ಮಕ್ಕಳನ್ನು ಎದುರುಬದುರು ಕೂರಿಸಿ ಎಳೆಯುವ ವ್ಯಾಗನ್‌ಗಳನ್ನು ಅಂದಿನಿಂದ ಬಿಡುವುದಿಲ್ಲ. ನಮ್ಮದು ಸಣ್ಣದು, ತೊಂದರೆ ಇರಲಿಲ್ಲ. ತಮ್ಮನ ಮಗನಿಗೆ ನಾಲ್ಕು ವರ್ಷ, ಅವನಿಗೆ ಅವನದೇ ಹಳೇ ಗಾಡಿ ಇತ್ತು. ಇಬ್ಬರು ಮಕ್ಕಳ ನಡುವೆ ಒಂದೇ ಗಾಡಿ ಸಾಕು ಅಂದುಕೊಳ್ಳುವವರಿಗೆ ಒಂದು ಮಾತು. ಸಂಜೆ ಆರರ ಮೇಲೆ ಇಬ್ಬರಿಗೂ ಒಟ್ಟಿಗೇ ಸುಸ್ತಾಗುತ್ತದೆ. ಸರದಿ ಹಾಕಲು ಆಗುವುದಿಲ್ಲ.

ಗಾಡಿಯ ಮೊದಲ ಉಪಕಾರ ಪಾರ್ಕಿಗೂ ಮುಂಚೆ ಸಿಕ್ಕಿತು. ರಾತ್ರಿ ಎರಡು ಗಂಟೆಗೆ ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಇಮಿಗ್ರೇಷನ್ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು. ಪುಟ್ಟಿ ಗಾಡಿಯಲ್ಲಿ ಶಾಲು ಹೊದ್ದು ಮಲಗಿದ್ದಳು. ನಾವು ಕಾಲು ಬದಲಿಸುತ್ತಾ ನಿಂತಿದ್ದೆವು.

ಮ್ಯಾಜಿಕ್ ಕಿಂಗ್‌ಡಮ್ಮಿನಲ್ಲಿ ಬೆಳಗ್ಗೆಯೆಲ್ಲಾ ಗಾಡಿಯಲ್ಲಿ ಕೂತಿದ್ದು ನಮ್ಮ ಸ್ವೆಟರುಗಳು. ಪುಟ್ಟಿ ಮುಂದೆ ಮುಂದೆ ಓಡಿದಳು. ಗಾಡಿಯನ್ನು ರೈಡಿನ ಸಾಲಿಗೆ ಒಯ್ಯುವಂತಿಲ್ಲ, ಹೊರಗೆ ಸ್ಟ್ರಾಲರ್ ನಿಲ್ಲಿಸುವ ಜಾಗದಲ್ಲಿ ಬಿಡಬೇಕು. ಅಲ್ಲಿ ನೂರಾರು ಗಾಡಿ. ಮುಕ್ಕಾಲು ಪಾಲು ಕಪ್ಪು, ಬೂದು. ಕೆಲಸದವರು ಜಾಗ ಮಾಡಲು ಗಾಡಿಗಳನ್ನು ಸರಿಸುತ್ತಾ ಇರುತ್ತಾರೆ. ಬಿಟ್ಟ ಜಾಗದಲ್ಲಿ ಅದು ಸಿಗುವುದಿಲ್ಲ. ನಾನು ಬೆಂಗಳೂರಿನಿಂದಲೇ ಅರಿಶಿನ, ಕೆಂಪು ಎರಡು ಬಟ್ಟೆ ಪಟ್ಟಿ ಹೊಲಿದು ಹಿಡಿಕೆಗೆ ಕಟ್ಟಿದ್ದೆ. ರಾಜ್ಯೋತ್ಸವದ ಬಣ್ಣ. ಅಷ್ಟು ದೂರದ ಊರಲ್ಲಿ, ಕಪ್ಪು ಗಾಡಿಗಳ ನಡುವೆ ಅದು ಕಂಡಾಗಲೆಲ್ಲಾ ಎದೆ ತುಂಬಿ ಬರುತ್ತಿತ್ತು. ಅತ್ತೆ ಪ್ರತಿ ಸಲ ಮೊದಲು ಗುರುತು ಹಿಡಿದು, "ಅಗೋ ನಮ್ದು" ಅನ್ನುತ್ತಿದ್ದರು. ಹಣ, ಪಾಸ್‌ಪೋರ್ಟ್ ಮಾತ್ರ ಗಾಡಿಯಲ್ಲಿ ಬಿಡುತ್ತಿರಲಿಲ್ಲ.

ಮಧ್ಯಾಹ್ನ ಸ್ಪೇಸ್ ಮೌಂಟನ್ ಅನ್ನುವ ರೈಡಿನ ಹತ್ತಿರ ಬಂದೆವು. ಕತ್ತಲೆಯಲ್ಲಿ ಓಡುವ ರೋಲರ್ ಕೋಸ್ಟರ್. ಹತ್ತಲು 44 ಇಂಚು, ಅಂದರೆ 112 ಸೆಂಟಿಮೀಟರ್ ಎತ್ತರ ಇರಬೇಕು. ಪುಟ್ಟಿ 110. ಅಳತೆ ಕೋಲಿನ ಕೆಳಗೆ ನಿಂತು ಕತ್ತು ಉದ್ದ ಮಾಡಿದಳು. ಆಗಲಿಲ್ಲ. ಅಂಗಡಿಯಲ್ಲಿ ಗಾಡಿಗೆ ದೊಡ್ಡವಳಾಗಿದ್ದಳು, ಇಲ್ಲಿ ರೈಡಿಗೆ ಚಿಕ್ಕವಳು. ಯಾವುದಕ್ಕೂ ಸರಿಹೊಂದದ ವಯಸ್ಸು. ಅವಳ ಕಣ್ಣು ತುಂಬಿತು. ದೊಡ್ಡವರು ಒಬ್ಬೊಬ್ಬರಾಗಿ ಹೋಗಿ ಬರುವ, ಇನ್ನೊಬ್ಬರು ಮಗುವಿನ ಜೊತೆ ಉಳಿಯುವ ವ್ಯವಸ್ಥೆ ಅಲ್ಲಿದೆ. ಎರಡನೆಯವರು ಮತ್ತೆ ಪೂರ್ತಿ ಸಾಲು ನಿಲ್ಲಬೇಕಿಲ್ಲ. ನಮ್ಮವರು ಹೋದರು. ನಾನು ಉಳಿದೆ. ಅವಳು ಏನೂ ಹೇಳದೆ ಗಾಡಿಯಲ್ಲಿ ಕೂತು, ಕೊಡೆ ತಾನೇ ಎಳೆದುಕೊಂಡು, ಒಳಗೆ ಸ್ವಲ್ಪ ಹೊತ್ತು ಅತ್ತಳು. ಅಷ್ಟು ಜನಸಂದಣಿಯಲ್ಲಿ ಮಗುವಿಗೆ ತನ್ನದು ಅಂತ ಒಂದು ಚಿಕ್ಕ ಕೋಣೆ ಸಿಕ್ಕಂತಾಗಿತ್ತು. ನಾನು ಪಕ್ಕದಲ್ಲಿ ಸುಮ್ಮನೆ ಕೂತೆ.

ಕೊಡೆಯ ಮೇಲೆ ದುಪಟ್ಟಾ ಹೊದಿಸಿ ಪೂರ್ತಿ ಮುಚ್ಚುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ದಯವಿಟ್ಟು ಬೇಡ. ತೆಳು ಬಟ್ಟೆಯಾದರೂ ಗಾಳಿ ಆಡದೆ ಒಳಗೆ ಬಿಸಿ ಏರುತ್ತದೆ, ಮಗು ಮಲಗಿದ್ದರೆ ನಮಗೆ ಗೊತ್ತೂ ಆಗುವುದಿಲ್ಲ.

ಅಲ್ಲಿ ಏಳು, ಎಂಟು ವರ್ಷದ ಮಕ್ಕಳೂ ಗಾಡಿಯಲ್ಲಿ ಕೂತಿದ್ದನ್ನು ಕಂಡೆ. ಕೆಲವು ಗಾಡಿಗಳಿಗೆ ಕೆಂಪು ಚೀಟಿ ಕಟ್ಟಿತ್ತು. ಆ ಗಾಡಿಯನ್ನು ಗಾಲಿಕುರ್ಚಿ ಅಂತಲೇ ಪರಿಗಣಿಸಿ ಸಾಲಿನೊಳಗೂ ಬಿಡುತ್ತಾರೆ. ಗದ್ದಲಕ್ಕೆ ಹೆದರುವ ಮಕ್ಕಳು, ಬೇಗ ಉಸಿರು ಕಟ್ಟುವ ಮಕ್ಕಳು, ಹೊರಗೆ ಕಾಣದ ತೊಂದರೆ ಇರುವ ಮಕ್ಕಳು. ಅವರ ಅಪ್ಪ ಅಮ್ಮ ಯಾರಿಗೂ ವಿವರಣೆ ಕೊಡಬೇಕಿರಲಿಲ್ಲ. ಲಾಲ್‌ಬಾಗಿನಲ್ಲಿ ಒಂದೇ ಪ್ರಶ್ನೆಗೆ ನನ್ನ ಗಂಟಲು ಕಟ್ಟಿತ್ತು. ದಿನಾ ಆ ಪ್ರಶ್ನೆ ಎದುರಿಸುವ ನಮ್ಮೂರ ಅಮ್ಮಂದಿರು ನೆನಪಾದರು.

ರಾತ್ರಿ ಕೋಟೆಯ ಮೇಲೆ ಬಾಣಬಿರುಸು ಮುಗಿಯಿತು. ಜನ ಒಟ್ಟಿಗೇ ಗೇಟಿನ ಕಡೆ ತಿರುಗಿದರು. ಪುಟ್ಟಿ ಕೊನೆಯ ಬೆಳಕು ಆರುವ ಮೊದಲೇ ಮಲಗಿದ್ದಳು. ಸೀಟು ಹಿಂದಕ್ಕೆ ಒರಗಿಸಿ ಬೆಲ್ಟು ಹಾಕಿದೆ. ಅತ್ತೆ ಬಂದು ಹಿಡಿಕೆಯ ಮೇಲೆ ಕೈ ಇಟ್ಟರು. "ನಾನು ತಳ್ತೀನಿ" ಅಂದರು.

ಆ ಪಾರ್ಕಿನಿಂದ ಕಾರು ನಿಲ್ಲಿಸುವ ಜಾಗಕ್ಕೆ ಬರಲು ಮೋನೋರೈಲ್ ಇಲ್ಲವೇ ದೊಡ್ಡ ದೋಣಿ ಹತ್ತಬೇಕು. ಎರಡರಲ್ಲೂ ಗಾಡಿ ಮಡಚದೆ ಹಾಗೇ ಒಯ್ಯಬಹುದು. ಬಸ್ಸು ಹತ್ತಬೇಕಾದರೆ ಮಗುವನ್ನು ಎಬ್ಬಿಸಿ ಮಡಚಬೇಕು. ನಾವು ದೋಣಿಗೆ ಹೋದೆವು. ನೀರಿನ ಮೇಲೆ ತಣ್ಣನೆ ಗಾಳಿ. ಅತ್ತೆ ಕಂಬಿ ಹಿಡಿದು ನಿಂತು ಮಾತಾಡಿದರು. ನಮ್ಮವರಿಗೆ ಐದು ವರ್ಷ ಇದ್ದಾಗ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದ್ದರಂತೆ. ಕಾರ್ತಿಕದ ಕೊನೆಯ ಸೋಮವಾರ, ಕಾಲಿಡಲು ಜಾಗ ಇಲ್ಲದಷ್ಟು ಜನ. ವಾಪಸ್ ಬರುವಾಗ ಬಸ್ಸು ಸಿಗಲಿಲ್ಲ. ಮಾವ ಉಪ್ಪುಮೂಟೆ ಮಾಡಿಕೊಂಡು ಚಾಮರಾಜಪೇಟೆಯ ಮನೆಯವರೆಗೂ ಹೊತ್ತು ತಂದರಂತೆ.

"ಮನೆಗೆ ಬಂದು ಗೋಡೆಗೆ ಒರಗಿ ಕೂತ್ರು ನೋಡು, ಒಂದು ಗಂಟೆ ಏಳಲಿಲ್ಲ. ನಾನು ಹರಳೆಣ್ಣೆ ಬಿಸಿ ಮಾಡಿ ಬೆನ್ನಿಗೆ ಹಚ್ಚಿದೆ. ಒಂದು ದಿನಾನೂ ಭಾರ ಆಯ್ತು ಅನ್ನಲಿಲ್ಲ ಮಹರಾಯ್ರು." ಅತ್ತೆ ಗಾಡಿಯ ಕೊಡೆ ಸರಿಸಿ ಪುಟ್ಟಿಯ ಮುಖ ನೋಡಿದರು. ಶಾಲು ಕತ್ತಿನವರೆಗೆ ಎಳೆದರು.

ದೋಣಿ ಇಳಿದ ಮೇಲೆ ಕಾರಿನ ಹತ್ತಿರ ಹೋಗಲು ಟ್ರಾಮ್ ಇತ್ತು. ಅದಕ್ಕೂ ಗಾಡಿ ಮಡಚಬೇಕು. ಬೇಡ, ನಡೆದೇ ಹೋಗೋಣ ಅಂದರು ಅತ್ತೆ. ಅವರ ಮಂಡಿಯ ಬಗ್ಗೆ ನಮ್ಮವರು ಏನೋ ಹೇಳಲು ಹೋದರು. "ನಿಧಾನಕ್ಕೆ ಬರ್ತೀನಿ, ನೀವು ಮುಂದೆ ಹೋಗಿ" ಅಂದರು. ಯಾರೂ ಮುಂದೆ ಹೋಗಲಿಲ್ಲ. ಅವರ ವೇಗಕ್ಕೇ ಎಲ್ಲರೂ ನಡೆದೆವು. ತಮ್ಮ ಅವನ ಮಗನ ಗಾಡಿ ತಳ್ಳುತ್ತಿದ್ದ. ಅವನೂ ಮಲಗಿದ್ದ. ಖಾಲಿಯಾಗುತ್ತಿದ್ದ ಆ ದೊಡ್ಡ ಬಯಲಿನಲ್ಲಿ ಎರಡು ಗಾಡಿಗಳ ಚಕ್ರದ ಸದ್ದು ಮಾತ್ರ ಕೇಳುತ್ತಿತ್ತು.

ಕಾರಿನ ಹತ್ತಿರ ನಮ್ಮವರು ಬೆಲ್ಟು ಬಿಚ್ಚಿ ಪುಟ್ಟಿಯನ್ನು ಎತ್ತಿದರು. ಎರಡೇ ಹೆಜ್ಜೆ, ಸೀಟಿನ ಮೇಲೆ ಮಲಗಿಸಿದರು. ಅವಳು ಕಣ್ಣು ಬಿಡದೆ "ಅಜ್ಜಿ ಎಲ್ಲಿ?" ಅಂದಳು. "ಇಲ್ಲೇ ಇದ್ದೀನಿ ಮಲಕ್ಕೋ" ಅಂದರು ಅತ್ತೆ. ನಾನು ಒಂದೇ ಕೈಯಲ್ಲಿ ಗಾಡಿ ಮಡಚಿದೆ. ಇನ್ನೊಂದು ಕೈಯಲ್ಲಿ ಅವಳ ಶೂ ಇತ್ತು.